ಬಕೆಟ್ ರಾಯರು

ರಾಯರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಬಚ್ಚಲು ತೊಳೆಯುತ್ತಿದ್ದೆ. ದೇವರಿಗೆ ದೀಪ ಹಚ್ಚುತ್ತಿದ್ದೆ ಎಂದು ಬರೆದರೆ ಓದಲಿಕ್ಕೆ ಚಂದ. ಆದರೆ ರಾಯರ ವಿಷಯದಲ್ಲಿ ಸುಳ್ಳು ಬರೆದರೆ ಅವರು ಎಲ್ಲಿದ್ದರೂ ಅದರ ಮೇಲೆ ‘ಫೇಲ್’ ಎಂದು ಮುದ್ರೆ ಒತ್ತಿಯಾರು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಒದ್ದೆ ಕೈಯಲ್ಲಿ ಫೋನು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋ ಹಾಕಿದ್ದರು, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಫೋಟೋದಲ್ಲೂ ಹೆಗಲಿಗೆ ಅದೇ ಖಾದಿ ಚೀಲ. ಅದರಲ್ಲಿ ಏನಿರುತ್ತಿತ್ತೆಂದು ನನಗೆ ಗೊತ್ತು: ಗೋಡೆಗೆ ಹೊಡೆಯುವ ಬೋರ್ಡಿನ ಅಂಗೈಯಗಲದ ತುಂಡುಗಳು, ಅಳತೆಯ ಟೇಪು, ಒಂದು ಚಾಕ್‌ಪೀಸು, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಚುರಮುರಿ.

ಫೋನು ಬದಿಗಿಟ್ಟು ಬಚ್ಚಲಿನ ಗೋಡೆಗೆ ಬೆರಳಗಂಟಿನಿಂದ ಎರಡು ಸಲ ತಟ್ಟಿದೆ. ಯಾಕೆ ತಟ್ಟಿದೆನೋ ಗೊತ್ತಿಲ್ಲ. ಆ ಗೋಡೆ ಅವರದು.

ಅವರಿಗೂ ನಮಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅವರು ಧಾರವಾಡದ ಕಡೆಯವರು. ನಾವು ಉಡುಪಿ ಕಡೆಯಿಂದ ಕೋಲ್ಕತ್ತಾಕ್ಕೆ ಬಂದು ಕಸ್ಬಾದಲ್ಲಿ ಸಣ್ಣದೊಂದು ಹೋಟೆಲು, ಜೊತೆಗೆ ಕೇಟರಿಂಗ್ ನಡೆಸುವವರು. ಹೋಟೆಲು ತನ್ನದು, ಕೇಟರಿಂಗ್ ಇವಳದು, ಬಾಯಿಯೂ ಇವಳದೇ ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುವುದುಂಟು. ರಾಯರ ಮನೆ ಸಾಲ್ಟ್ ಲೇಕಿನಲ್ಲಿ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಸರ್ಕಾರ ಕೊಳ್ಳುವ ಸಾಮಾನನ್ನು ಪರೀಕ್ಷೆ ಮಾಡಿ ಪಾಸೋ ಫೇಲೋ ಹೇಳುವುದು. ನಿವೃತ್ತಿಯಾದ ಮೇಲೂ ಆ ಚಾಳಿ ಬಿಡಲಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಿ ನೋಡುತ್ತಿದ್ದರು. ಲೋಟದ ತಳವನ್ನು ಧೋತರದ ಅಂಚಿಗೆ ಒರೆಸದೆ ಮೇಜಿನ ಮೇಲೆ ಇಡುತ್ತಿರಲಿಲ್ಲ. ಯಾವುದನ್ನೂ ಅವರು ಚೆನ್ನಾಗಿದೆ ಎಂದು ಹೊಗಳಿದ್ದನ್ನು ನಾನು ಕೇಳಿಲ್ಲ. ಅವರ ಬಾಯಿಂದ ಬರುವ ಅತಿ ದೊಡ್ಡ ಬಿರುದು ಎಂದರೆ ‘ನಡೀತದ’. ಅಷ್ಟು ಹೇಳಿಸಿಕೊಳ್ಳಬೇಕಾದರೆ ಆ ಸಾಮಾನು ಪೂರ್ವಜನ್ಮದಲ್ಲಿ ಪುಣ್ಯ ಮಾಡಿರಬೇಕು.

ನಮ್ಮ ಮೊದಲ ಭೇಟಿ ಜಗಳದಲ್ಲೇ ಆಯಿತು. ಸಂಘದ ಯುಗಾದಿ ಊಟದ ಅಡುಗೆ ನನ್ನದಾಗಿತ್ತು. ಇನ್ನೂ ಎಲೆ ಹಾಕಿರಲಿಲ್ಲ, ತೆಳ್ಳಗಿನ, ಬೆಳ್ಳಗಿನ ಒಬ್ಬರು ಅಡುಗೆ ಕೋಣೆಗೆ ನೇರ ನುಗ್ಗಿ, ಕೋಸಂಬರಿಯ ಪಾತ್ರೆಯೊಳಗೆ ಬಗ್ಗಿ ನೋಡಿದರು.

“ಉಪ್ಪು ಹಾಕೀರೇನು?”

“ಹಾಕಿದ್ದೇನೆ. ಯಾಕೆ?”

“ಈಗ ಹಾಕಬಾರದಿತ್ತು, ತಂಗಿ. ಊಟಕ್ಕ ಇನ್ನ ತಾಸು ಅದ. ಸೌತೀಕಾಯಿ ನೀರು ಬಿಡ್ತದ.”

ನನಗೆ ಪಿತ್ತ ನೆತ್ತಿಗೇರಿತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳಿಗೆ ಕೋಸಂಬರಿ ಹೇಳಿಕೊಡಲಿಕ್ಕೆ ಬಂದರಲ್ಲ! “ನೀವು ಹೊರಗೆ ಕೂತುಕೊಳ್ಳಿ ಮಾರಾಯ್ರೆ, ಎಲೆ ಹಾಕುವಾಗ ಕರೀತೇವೆ” ಎಂದೆ. ಅವರು ಏನೂ ಬೇಸರ ಮಾಡಿಕೊಳ್ಳದೆ ಹೊರಗೆ ಹೋಗಿ, ಒಂದು ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ ಕೂತರು. ಒಂದು ತಾಸಿನ ಮೇಲೆ ಬಡಿಸುವಾಗ ಕೋಸಂಬರಿ ಎಲೆಯ ಮೇಲೆ ಹೊಳೆಯಾಗಿ ಹರಿದು ಪಲ್ಯವನ್ನು ಸೇರಿತು. ರಾಯರು ನನ್ನ ಕಡೆ ನೋಡಲೂ ಇಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

ಆಮೇಲೆ ಅವರು ಹೋಟೆಲಿಗೆ ಬರತೊಡಗಿದರು. ಸಾಲ್ಟ್ ಲೇಕಿನಿಂದ ಎರಡು ಬಸ್ಸು ಬದಲಾಯಿಸಿ, ಒಂದು ಪ್ಲೇಟು ಇಡ್ಲಿಗೆ. ಒಬ್ಬರೇ ಇದ್ದರು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಇಡ್ಲಿ ಹೇಗಿದೆ ರಾಯರೇ ಎಂದು ಇವರು ಕೇಳಿದರೆ, ಬೆರಳಿನಿಂದ ಅದರ ನೆತ್ತಿ ಒತ್ತಿ, “ನಡೀತದ” ಎನ್ನುತ್ತಿದ್ದರು. ಇವರು ಗಲ್ಲಾದ ಹಿಂದೆ ಒಂದು ಅಂಗುಲ ಎತ್ತರವಾಗುತ್ತಿದ್ದರು.

ಈಗ ಬಚ್ಚಲಿನ ವಿಷಯ. ಅದಕ್ಕೆ ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅವರಿಂದ.

ಅತ್ತೆಗೆ ಆಗ ಎಪ್ಪತ್ತಾರು. ಅವರ ದಿನ ಶುರುವಾಗುವುದೇ ಸ್ನಾನದಿಂದ. ಬಾಗಿಲಿಗೆ ಚಿಲಕ ಹಾಕಿ, ಮಣೆಯ ಬದಲಿಗೆ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು, ಸುಡುಸುಡು ನೀರನ್ನು ಚೆಂಬಿನಲ್ಲಿ ಎತ್ತಿ, ಹೆಗಲ ಮೇಲಿಂದ ಬೆನ್ನಿಗೆ ಬೀಸಿ ಹೊಯ್ದುಕೊಳ್ಳಬೇಕು. ಊರಿನ ಬಚ್ಚಲಿನಲ್ಲಿ ಹಂಡೆ ತುಂಬ ನೀರು, ಹೊಗೆ ಹಿಡಿದ ಕಲ್ಲಿನ ಗೋಡೆ. ಎಷ್ಟು ಬೀಸಿದರೂ ಕೇಳುವವರಿಲ್ಲ. ನಮ್ಮ ನಾಲ್ಕನೇ ಮಹಡಿಯ ಫ್ಲಾಟಿಗೆ ಬಂದ ಮೇಲೂ ಅವರು ಅದೇ ಲೆಕ್ಕದಲ್ಲಿ ಬೀಸುತ್ತಿದ್ದರು. ಒಂದು ದಿನ ಆ ಇಕ್ಕಟ್ಟಿನಲ್ಲಿ ಏಳುವಾಗ ಕಾಲು ಜಾರಿ ಕೂತುಬಿಟ್ಟರು. ಮೂಳೆಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಡಾಕ್ಟರು, ಇನ್ನು ಮುಂದೆ ಸ್ನಾನ ಮಾಡುವಾಗ ಯಾರಾದರೂ ಒಳಗೆ ಜೊತೆಗಿರಬೇಕು ಎಂದುಬಿಟ್ಟರು.

“ನಾನು ಮೀಯುವಾಗ ಇನ್ನೊಬ್ಬರು ನಿಂತು ನೋಡುದಾ?” ಅತ್ತೆ ಕೇಳಿದರು. “ಹಾಗಾದರೆ ನಾನು ಮೀಯುದೇ ಬೇಡ.”

ಬಾಯಿಮಾತಿಗೆ ಹೇಳಿದ್ದಲ್ಲ. ಮೂರು ದಿನ ಮೀಯಲಿಲ್ಲ. ಮೀಯದೆ ದೇವರ ಕೋಣೆಗೆ ಹೋಗುವ ಹಾಗಿಲ್ಲ, ದೇವರ ಪೂಜೆಯಾಗದೆ ಬೇಯಿಸಿದ್ದನ್ನು ಅವರು ಮುಟ್ಟುವವರಲ್ಲ. ಅವಲಕ್ಕಿ, ಮಜ್ಜಿಗೆಯಲ್ಲಿ ಮೂರು ದಿನ ಕಳೆದರು. ನಾನು ಬೈದೆ, ಇವರು ಬೇಡಿಕೊಂಡರು. ಊರಿನ ಇನ್ನೊಂದು ತುದಿಯ ಜೋಕಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಫೋನಿನಲ್ಲಿ “ಅಜ್ಜಿ, ಪ್ಲೀಸ್ ನಾ, ಬಿ ರೀಸನೆಬಲ್” ಎಂದಳು. ಅಜ್ಜಿ ಫೋನು ಇಟ್ಟುಬಿಟ್ಟರು. ನಾಲ್ಕನೇ ದಿನ ನಾವು ಸೋತೆವು. ಅವರು ಒಬ್ಬರೇ, ಚಿಲಕ ಹಾಕಿಕೊಂಡು, ಬೀಳದೆ ಮೀಯುವಂಥ ಬಚ್ಚಲು ಮಾಡಿಸುವುದೆಂದು ತೀರ್ಮಾನವಾಯಿತು.

ಪಕ್ಕದ ಉಗ್ರಾಣದ ಕೋಣೆಯಿಂದ ಎರಡೂವರೆ ಅಡಿ ಕಿತ್ತುಕೊಂಡು ಬಚ್ಚಲು ದೊಡ್ಡದು ಮಾಡುವುದು. ನಡುವಿನ ಗೋಡೆಗೆ ಹೇಗೂ ಡ್ಯಾಂಪ್ ಹಿಡಿದು ಸುಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಕಟ್ಟಡದ ಇಂಜಿನಿಯರು ಬಂದು ನೋಡಿ, ಮಹಡಿಯ ಮೇಲೆ ಇಟ್ಟಿಗೆಯ ಭಾರ ಬೇಡ, ಕಬ್ಬಿಣದ ಚೌಕಟ್ಟು ನಿಲ್ಲಿಸಿ ನೀರು ತಡೆಯುವ ಬೋರ್ಡು ಹೊಡೆದು ಅದರ ಮೇಲೆ ಟೈಲ್ಸ್ ಹಾಕಿ ಎಂದರು. ಬೋರ್ಡು ತಾನೆ, ನಾನೇ ತರುತ್ತೇನೆ ಎಂದು ಹೊರಟೆ.

ಅಂಗಡಿಯವನು ಎಂಥ ಮಾತುಗಾರ ಅಂತೀರಿ! ಕೂರಿಸಿ ಚಹಾ ಕೊಟ್ಟು, ಹಸಿರು ಬಣ್ಣದ ಬೋರ್ಡೊಂದನ್ನು ಎದುರಿಗಿಟ್ಟು, ಅದರ ಮೇಲೆ ಬಾಟಲಿಯಿಂದ ನೀರು ಸುರಿದ. ನೀರು ಕೆಸುವಿನೆಲೆಯ ಮೇಲಿನ ಹಾಗೆ ಉರುಳಿ ಕೆಳಗೆ ಬಿತ್ತು. “ದೇಖಿಯೇ ಬೌದಿ, ಏಕ್ ಬೂಂದ್ ಭೀ ನಹೀಂ!” ಎಂದ, ಒಂದು ಹನಿಯೂ ನಿಲ್ಲಲಿಲ್ಲ ನೋಡಿ ಅತ್ತಿಗೆ ಎಂದು. ನಾನು ಮರುಳಾದೆ. ಇಡೀ ಬಚ್ಚಲಿಗೆ ಬೇಕಾದಷ್ಟು ಹಸಿರು ಬೋರ್ಡು ಅವತ್ತೇ ಮನೆಗೆ ಬಂತು.

ಇವರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮಾರನೆಯ ದಿನ ಇಡ್ಲಿ ತಿನ್ನಲು ಬಂದ ರಾಯರಿಗೆ ಹೇಳಿದರು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಖಾದಿ ಚೀಲ ನಿಂತಿತ್ತು.

ರಾಯರು ಬೋರ್ಡಿನ ಕಡೆ ನೋಡಲೇ ಇಲ್ಲ. ಬಚ್ಚಲನ್ನೂ ನೋಡಲಿಲ್ಲ. ಕುರ್ಚಿ ಅಲ್ಲಾಡಿಸಿ ಕೂತು, ಎದುರಿಗಿದ್ದ ಅತ್ತೆಗೆ ಕೈಮುಗಿದು ಕೇಳಿದರು, “ಅಕ್ಕಾರ, ನೀವು ಸ್ನಾನ ಹ್ಯಾಂಗ ಮಾಡ್ತೀರಿ?”

ಇವರು ತಟ್ಟನೆ ಎದ್ದು ಕಿಟಕಿಯಿಂದ ಹೊರಗೆ ಏನೋ ಮಹತ್ವದ್ದನ್ನು ನೋಡತೊಡಗಿದರು. ಅತ್ತೆಯ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು.

“ಎಂತದು ಇದು? ನಾನು ಹೇಗೆ ಮೀಯುದು ಅಂತ ಕಂಡವರಿಗೆಲ್ಲ ಹೇಳ್ಬೇಕಾ?”

“ಹೇಳಬ್ಯಾಡ್ರಿ. ಹೇಳೂದು ಬ್ಯಾಡ” ಎಂದರು ರಾಯರು, ಸ್ವಲ್ಪವೂ ಗಲಿಬಿಲಿ ಇಲ್ಲದೆ. “ನಾಳೆ ನಿಮ್ಮ ಪದ್ಧತಿ ಪ್ರಕಾರ ಸ್ನಾನ ಮಾಡ್ರಿ. ಚಿಲಕ ಹಾಕ್ಕೊಂಡೇ ಮಾಡ್ರಿ. ಮುಗಿಸಿ ಹೊರಗ ಬಂದು, ದೇವರ ಪೂಜಿಗೆ ಕೂತಮ್ಯಾಲೆ ನಾ ಗೋಡಿ ನೋಡ್ತೀನಿ. ಒರಸಬ್ಯಾಡ್ರಿ ಅಷ್ಟ.”

ಮಾರನೆಯ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅತ್ತೆ ಮಿಂದು ಹೊರಬಂದು ದೇವರ ಕೋಣೆ ಸೇರಿಕೊಂಡ ಮೇಲೆ, ಚಪ್ಪಲಿ ಕಳಚಿಟ್ಟು ಬಚ್ಚಲಿಗೆ ಹೋಗಿ, ಚಾಕ್‌ಪೀಸಿನಿಂದ ಗೋಡೆಯ ಮೇಲೆ ಒದ್ದೆಯ ಅಂಚಿಗೆ ಸರಿಯಾಗಿ ಗೆರೆ ಎಳೆದರು. ಟೇಪು ಹಿಡಿದು ಅಳೆದರು. ಮತ್ತೆ ಅಳೆದರು. ಹೊರಗೆ ಬಂದಾಗ ಆ ಮುಖದಲ್ಲಿ ನಾನು ಮೊದಲ ಸಲ ಬೆರಗು ಕಂಡೆ.

“ಆರಡಿ ಮೂರು ಇಂಚು” ಎಂದರು. “ತಂಗಿ, ಕೂತು ಸ್ನಾನ ಮಾಡೋ ಹೆಣ್ಮಗಳು ಆರಡಿ ಮೂರು ಇಂಚು ನೀರು ಹಾರಸ್ತಾಳ! ಅಂಗಡ್ಯಾಂವ ಬಾಟ್ಲಿ ನೀರು ಸುರುವಿ ತೋರಿಸಿದ್ನಲ್ಲ, ಅಕ್ಕಾರ ಚಂಬು ತೋರಿಸಿದಿಯೇನು ಅವಗ?”

ದೇವರ ಕೋಣೆಯಿಂದ ಗಂಟೆಯ ಸದ್ದು ಸ್ವಲ್ಪ ಜೋರಾಗಿಯೇ ಕೇಳಿತು.

ಆಮೇಲೆ ಬಕೆಟ್ಟು ಬಂತು. ನನ್ನ ಹಸಿರು ಬೋರ್ಡಿನ ಒಂದು ಮೂಲೆ ಕುಯ್ದರು. ಚೀಲದಿಂದ ಬೂದು ಬಣ್ಣದ ಸಿಮೆಂಟ್ ಬೋರ್ಡಿನ ತುಂಡು ತೆಗೆದರು. ಇವರಿಗೆ ಮೊದಲಿಂದಲೂ ಮನಸ್ಸಿದ್ದ, ಅಮೃತಶಿಲೆಯ ಹಾಗೆ ಹೊಳೆಯುವ ಪ್ಲಾಸ್ಟಿಕ್ ಹಲಗೆಯದೂ ಒಂದು ತುಂಡು. ಮೂರನ್ನೂ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ, “ಏಳು ದಿವಸ” ಎಂದರು.

“ಏಳು ದಿವಸಾ? ರಾಯರೇ, ಮಿಸ್ತ್ರಿ ನಾಳೆ ಬರ್ತಾನೆ!”

“ನೀರಿಗೆ ಪುರಸೊತ್ತು ಭಾಳ ಅದ, ತಂಗಿ. ನಮಗಷ್ಟ ಅವಸರ.”

ಬಕೆಟ್ಟು ಹಾಲಿನ ಮೂಲೆಯಲ್ಲಿ ಕೂತಿತು. ಬಂದವರೆಲ್ಲ ಅದರೊಳಗೆ ಇಣುಕಿ, ಮೀನು ಸಾಕಿದ್ದೀರಾ ಎಂದು ಕೇಳುವವರೇ. ವಾರದ ಕೊನೆಗೆ ಮನೆಗೆ ಬಂದ ಮಗಳು ನಕ್ಕೂ ನಕ್ಕೂ ಅವರಿಗೆ ಬಕೆಟ್ ಅಂಕಲ್ ಎಂದು ಹೆಸರಿಟ್ಟಳು. ಸಂಘದಲ್ಲಿ ಅದು ಬಕೆಟ್ ರಾಯರು ಆಯಿತು. ಅವರಿಗೂ ಗೊತ್ತಿತ್ತು. ಪಾಸು ಮಾಡಿದ್ದರು ಅಂತ ಕಾಣುತ್ತದೆ, ಒಂದು ದಿನವೂ ಆಕ್ಷೇಪಿಸಲಿಲ್ಲ.

ಎಂಟನೆಯ ದಿನ ಮೂರನ್ನೂ ಹೊರಗೆ ತೆಗೆದು ಪೇಪರಿನ ಮೇಲೆ ಸಾಲಾಗಿ ಮಲಗಿಸಿದರು. ನನ್ನ ಹಸಿರು ಬೋರ್ಡಿನ ಅಂಚು ನೆನೆದ ರಸ್ಕಿನ ಹಾಗೆ ಉಬ್ಬಿತ್ತು. ಉಗುರು ತಾಗಿಸಿದ್ದೇ ತಡ, ಹಸಿರು ಕಾಗದ ಎದ್ದು ಬಂತು, ಒಳಗಿನದು ಹಿಟ್ಟು. ನನಗೆ ಅಂಗಡಿಯವನ ಚಹಾ ನೆನಪಾಗಿ ಮೈಯುರಿಯಿತು.

“ಬೈಬ್ಯಾಡ ಅದಕ್ಕ” ಎಂದರು ರಾಯರು. “ಇದೇನು ಕೆಟ್ಟ ಮಾಲಲ್ಲ. ಹಬಿ ತಡಕೋತದ, ಮಳಿಗಾಲದ ಥಂಡಿ ತಡಕೋತದ. ಅಕ್ಕಾರ ಹೊಡತ ತಡಕೊಳ್ಳೂದಿಲ್ಲ. ಇದನ್ನ ಬಚ್ಚಲ ಮಾಳಗಿಗೆ ಹಾಕು, ಮ್ಯಾಲೆ ಸುಖವಾಗಿ ಇರ್ತದ.”

ಪ್ಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಇವರು ಹುರುಪುಗೊಂಡರು. ರಾಯರು ಅದನ್ನು ತಿರುಗಿಸಿ ಒಳಗಿನ ಪೊಳ್ಳು ತೋರಿಸಿದರು. “ನೀರಿಗೆ ಹೆದರೂದಿಲ್ಲ, ಖರೆ. ಆದ್ರ ಇದರ ಮ್ಯಾಲೆ ಟೈಲ್ಸ್ ಕೂಡೂದಿಲ್ಲ, ಇದರಾಗ ಮೊಳಿ ನಿಲ್ಲೂದಿಲ್ಲ. ಹಿಂದ ಡ್ಯಾಂಪ್ ಕೂತರ ಬಾಯಿಬಿಟ್ಟು ಹೇಳೂದೂ ಇಲ್ಲ.” ಕೊನೆಗೆ ಸಿಮೆಂಟಿನ ತುಂಡು ಎತ್ತಿಕೊಂಡರು. ಅದು ಒದ್ದೆಯಾಗಿ ಭಾರವಾಗಿತ್ತು, ಆದರೆ ಅಂಚು ಅಂಚಾಗಿಯೇ ಇತ್ತು. ಮೇಜಿನ ಅಂಚಿಗೆ ಬಡಿದರೆ ಗಟ್ಟಿ ಸದ್ದು. “ಇದೂ ನೀರು ಕುಡದದ. ಕುಡದೂ ನೆಟ್ಟಗ ನಿಂತದ. ಇಂಥವರು ಭಾಳ ಕಡಿಮಿ” ಎಂದು ಇವರ ಕಡೆ ನೋಡಿದರು. “ಇದರ ಸಂದಿಗೆಲ್ಲಾ ಪಟ್ಟಿ ಹಚ್ಚಿ, ಮ್ಯಾಲೆ ವಾಟರ್‌ಪ್ರೂಫ್ ಬಳದು, ಆಮ್ಯಾಲೆ ಟೈಲ್ಸ್. ಕೆಳಗ ನೆಲಕ್ಕ ತಾಗಸಬ್ಯಾಡ್ರಿ, ಅರ್ಧ ಇಂಚು ಮ್ಯಾಲಿರಲಿ, ಇಲ್ಲಂದ್ರ ಬತ್ತಿ ಎಣ್ಣಿ ಏರಿಸಿದಂಗ ನೀರು ಏರಸ್ತದ.”

“ಹಾಗಾದರೆ ಇದು ಒಳ್ಳೆಯದಾ?” ನಾನು ಬಾಯಿ ಬಿಡಿಸಲು ನೋಡಿದೆ.

“ನಡೀತದ” ಎಂದರು.

ಚೌಕಟ್ಟು ನಿಂತಿತು. ಬೋರ್ಡು ಹೊಡೆಯಬೇಕು ಎನ್ನುವಾಗ ರಾಯರು, “ನಾ ಬರೋತನಕ ಮುಚ್ಚಬ್ಯಾಡ್ರಿ, ಒಳಗ ಒಂದು ಹಲಗಿ ಇಡೂದದ” ಎಂದು ಹೇಳಿ ಹೋದವರು ಜ್ವರ ಹಿಡಿದು ಮಲಗಿದರು. ಒಂದು ವಾರ ಹೋಯಿತು, ಹತ್ತು ದಿನ ಹೋಯಿತು. ದುರ್ಗಾಪೂಜೆ ಬಾಗಿಲಿಗೆ ಬಂತು. ಬೀದಿ ತುಂಬ ಬಿದಿರು, ಬಟ್ಟೆ, ಪೆಂಡಾಲು. ಮಿಸ್ತ್ರಿ, “ಬೌದಿ, ಇವತ್ತು ಮುಚ್ಚಿದರೆ ಮುಚ್ಚಿದೆ. ನಾಳೆ ಊರಿಗೆ ಹೋದರೆ ನಾನು ಬರುವುದು ದೀಪಾವಳಿಯ ಕಾಳಿಪೂಜೆ ಮುಗಿದ ಮೇಲೆ” ಎಂದ. ಅಲ್ಲಿಯವರೆಗೆ ಅತ್ತೆ ಪಕ್ಕದ ಫ್ಲಾಟಿನವರ ಬಚ್ಚಲಿಗೆ ಹೋಗಬೇಕು. ಪೂಜೆಯ ಐದೂ ದಿನ ನನಗೆ ಕೇಟರಿಂಗು, ಉಸಿರಾಡಲೂ ಬಿಡುವಿಲ್ಲ. ಒಂದು ಹಲಗೆಗೋಸ್ಕರ ಯಾರು ಕಾಯುತ್ತಾರೆ? ಮುಚ್ಚಿಬಿಡು ಎಂದೆ.

ಅವನು ಮೊದಲನೆಯ ಬೋರ್ಡು ಎತ್ತಿ ಹಿಡಿದಿದ್ದ, ಬಾಗಿಲಲ್ಲಿ ರಾಯರು. ಇವರ ಹೊಟ್ಟೆಯಲ್ಲಿ ಮಾತು ನಿಲ್ಲದ್ದು ಆ ಒಂದು ದಿನ ಉಪಕಾರಕ್ಕೆ ಬಂತು. ಸಾಲ್ಟ್ ಲೇಕಿನಿಂದ ಆಟೋದಲ್ಲಿ ಬಂದಿದ್ದರು. ಕಣ್ಣು ಕೆಂಪು, ಮೈ ನಡುಗುತ್ತಿತ್ತು. ಸ್ವಲ್ಪ ಚಳಿಯಾದರೆ ಸಾಕು ಮಂಕಿ ಟೋಪಿ ಹಾಕುವ ಬಂಗಾಳಿಗಳನ್ನು ಜೀವಮಾನವಿಡೀ ಗೇಲಿ ಮಾಡಿದ ಮನುಷ್ಯ, ಸೆಕೆಯಲ್ಲಿ ಮಂಕಿ ಟೋಪಿ ಹಾಕಿಕೊಂಡು, ಕಂಕುಳಲ್ಲಿ ದಪ್ಪ ಪ್ಲೈವುಡ್ಡಿನ ಒಂದು ಹಲಗೆ ಇಟ್ಟುಕೊಂಡು ನಿಂತಿದ್ದರು.

ಆ ಹಲಗೆ ಯಾತಕ್ಕೆ ಎಂಬುದು ಅವತ್ತು ತಿಳಿಯಿತು. ಗೋಡೆಗೆ ಮುಂದೆ ಸ್ಟೀಲಿನ ಹಿಡಿಕೆ ಹಾಕಬೇಕಾದರೆ ಸ್ಕ್ರೂ ಕಚ್ಚಿಕೊಳ್ಳಲು ಬೋರ್ಡಿನ ಹಿಂದೆ ಮರ ಬೇಕು. ಬರೀ ಬೋರ್ಡಿಗೆ ಹಾಕಿದರೆ ಕೈಭಾರ ಬಿದ್ದಾಗ ಕಿತ್ತು ಬರುತ್ತದೆ. ಆದರೆ ಹಿಡಿಕೆಯ ಮಾತೆತ್ತಿದರೆ ಅತ್ತೆ ಉರಿದು ಬೀಳುತ್ತಿದ್ದರು. ನಾನು ಒಮ್ಮೆ ಹೇಳಿ ನೋಡಿ, “ಅದೆಲ್ಲ ಆಸ್ಪತ್ರೆಯಲ್ಲಿ ಇರುದು. ನಾನು ಬಿದ್ದದ್ದು ಒಂದೇ ಸಲ, ನೀನು ಸಾವಿರ ಸಲ ಹೇಳ್ಬೇಡ” ಎಂದು ಉಗಿಸಿಕೊಂಡಿದ್ದೆ. ಅದನ್ನೇ ರಾಯರ ಕಿವಿಯಲ್ಲಿ ಪಿಸುಗುಟ್ಟಿದೆ.

ರಾಯರು ತಲೆಯಾಡಿಸಿ, ಸ್ಟೂಲನ್ನು ತಂದು ಹೊಸ ಚೌಕಟ್ಟಿನ ಪಕ್ಕ ಇಟ್ಟು, ಅತ್ತೆಯನ್ನು ಕರೆದರು. “ಅಕ್ಕಾರ, ಸಾಬಾಣದ ಗೂಡು ಎಲ್ಲಿಡೂದು ಅಂತ ಕೇಳ್ತಾನ ಮಿಸ್ತ್ರಿ. ಸ್ವಲ್ಪ ಕೂತು ತೋರಸ್ರಿ.” ಅತ್ತೆ ಕೂತು ತೋರಿಸಿದರು. “ಹಾಂ. ಈಗ ಏಳ್ರಿ.” ಎದ್ದರು. “ಇನ್ನೊಮ್ಮೆ ಕೂಡ್ರಿ. ಏಳ್ರಿ.” ಏಳುವಾಗ ಪ್ರತಿ ಸಲವೂ ಅತ್ತೆಯ ಬಲಗೈ ತಾನಾಗಿ ಚೌಕಟ್ಟಿನ ಒಂದೇ ಜಾಗಕ್ಕೆ ಹೋಗುತ್ತಿತ್ತು. ರಾಯರು ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿದರು. ಅತ್ತೆ, “ಸಾಬೂನಿಗೆ ಎಷ್ಟು ಸಲ ಕೂತು ಏಳ್ಬೇಕಪ್ಪ!” ಎಂದು ಗೊಣಗಿಕೊಂಡು ಒಳಗೆ ಹೋದರು. ಹಲಗೆ ಅಲ್ಲಿ ಕೂತಿತು, ಅದರ ಮೇಲೆ ಬೋರ್ಡು ಕೂತಿತು. ಸಾಬೂನಿನ ಗೂಡನ್ನೂ ಮರ್ಯಾದೆಗೆ ಬೇರೆ ಕಡೆ ಒಂದು ಮಾಡಿಸಿದರು.

ಎಲ್ಲ ಮುಗಿದ ಮೇಲೆ ಕಾಫಿ ಕೊಡುತ್ತಾ ನಾನು ರೇಗಿದೆ. “ಜ್ವರದಲ್ಲಿ ಸಾಯ್ಲಿಕ್ಕೆ ಬಂದಿರಾ ರಾಯರೇ? ಒಂದು ಹಲಗೆ ಇಲ್ಲದಿದ್ದರೆ ಏನಾಗ್ತಿತ್ತು?”

ರಾಯರು ಲೋಟದ ತಳ ಒರೆಸಿದರು. ಬಹಳ ಹೊತ್ತು ಒರೆಸಿದರು.

“ನಮ್ಮನ್ಯಾಗ ಹಲಗಿ ಇಟ್ಟಿರಲಿಲ್ಲ” ಎಂದರು. “ಹಿಡಿಕಿ ಹಾಕಿಸಿದ್ದೆ. ಚಂದ ಕಾಣ್ತಿತ್ತು. ಊರಿಂದ ಮಂದಿ ಬರಾವ್ರಿದ್ರು, ಅವಸರ ಆತು. ಸರ್ಕಾರದ ಸಾಮಾನು ಒಂದೂ ತಟ್ಟದ ಬಿಟ್ಟಾಂವ ಅಲ್ಲ ನಾನು, ಅದನ್ನ ಒಮ್ಮೆ ಜಗ್ಗಿ ನೋಡಲಿಲ್ಲ. ಆಕಿ ಹಿಡಕೊಂಡಾಗ ಕೈಯಾಗ ಬಂತು.” ಲೋಟ ಮೇಜಿನ ಮೇಲಿಟ್ಟು ಹೇಳಿದರು, “ಸೊಂಟ ಮುರೀತು. ಕಡೀ ಎರಡು ವರ್ಷ ನಾನೇ ಸ್ನಾನ ಮಾಡಸ್ತಿದ್ದೆ. ಒಂದು ದಿನಾನೂ ಆಕಿಗೆ ಅದು ಸೇರಲಿಲ್ಲ. ಕಣ್ಣು ಮುಚ್ಚಿಕೊಂಡು ಕೂಡ್ತಿದ್ಲು.”

ಮುಚ್ಚಿಬಿಡು ಎಂದು ನಾನು ಮಿಸ್ತ್ರಿಗೆ ಹೇಳಿದ್ದು ನೆನಪಾಗಿ ನಾಚಿಕೆಯಾಯಿತು. ಅತ್ತೆ ಕೋಣೆಯ ಬಾಗಿಲ ಹತ್ತಿರ ನಿಂತಿದ್ದರು. ಅವರು ಒಳಗೆ ಹೋಗಿ ಡಬ್ಬಿಯಿಂದ ನಾಲ್ಕು ರವೆ ಉಂಡೆ ತಂದು ರಾಯರ ಮುಂದೆ ಇಟ್ಟರು. ರಾಯರು ಒಂದನ್ನು ಬೆರಳಿನಿಂದ ಒತ್ತಿ ನೋಡಿಯೇ ಬಾಯಿಗೆ ಹಾಕಿಕೊಂಡರು.

ಬಚ್ಚಲು ತಯಾರಾಯಿತು. ಅತ್ತೆ ಚಿಲಕ ಹಾಕಿಕೊಂಡು, ಆರಡಿ ಮೂರು ಇಂಚು ನೀರು ಹಾರಿಸಿಕೊಂಡು, ಮೂರು ವರ್ಷ ಸುಖವಾಗಿ ಮಿಂದರು. ಮೂರು ಮಳೆಗಾಲ ಕಳೆದರೂ ಗೋಡೆಯಲ್ಲಿ ಒಂದು ಕಲೆ ಇಲ್ಲ. ರಾಯರು ಬಂದಾಗಲೆಲ್ಲ ಬಚ್ಚಲಿಗೆ ಹೋಗಿ ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿ ಬರುತ್ತಿದ್ದರು. ಮೊಮ್ಮಗುವಿನ ಮೈಬಿಸಿ ನೋಡುವ ಅಜ್ಜಂದಿರ ಹಾಗೆ ಕಾಣುತ್ತಿತ್ತು. ಆಮೇಲೆ ಅತ್ತೆಯೂ ಅವರೂ ಕೂತು ಜಗಳ. ಅತ್ತೆ ಅವರ ಮಾತನ್ನು ಅಣಕಿಸುವುದು, ಅವರು ಅತ್ತೆಯ ಸಾರಿಗೆ ಬೆಲ್ಲ ಹೆಚ್ಚಾಯಿತು ಎನ್ನುವುದು. ಕಳೆದ ಚಳಿಗಾಲದಿಂದ ಅವರು ಬರುವುದು ಕಡಿಮೆಯಾಯಿತು. ಫೋನು ಮಾಡಿದರೆ, “ಅಕ್ಕಾರ ಗೋಡಿ ಹ್ಯಾಂಗದ?” ಎಂದು ಕೇಳುತ್ತಿದ್ದರು. ಗೋಡೆಯ ನೆಪದಲ್ಲಿ ಅವರು ಕೇಳುತ್ತಿದ್ದದ್ದು ಯಾರ ಕ್ಷೇಮ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು.

ಸುದ್ದಿ ಬಂದ ದಿನ ಅತ್ತೆಗೆ ಹೇಳಿದೆ. ಅವರು ಎರಡು ಸಲ ಸ್ನಾನ ಮಾಡಿದರು. ನೆಂಟರಲ್ಲದವರ ಸಾವಿಗೆ ಸ್ನಾನವಿಲ್ಲ.

ನಾಲ್ಕು ದಿನ ಬಿಟ್ಟು, ಮಿಂದು ಬಂದವರು ತಲೆಗೆ ಸುತ್ತಿದ ಬಟ್ಟೆ ಬಿಚ್ಚುತ್ತಾ ಹೇಳಿದರು, “ಆ ಹಿಡಿಕೆ ಒಂದು ತರ್ಲಿಕ್ಕೆ ಹೇಳು ಇವನಿಗೆ. ಏಳುವಾಗ ಮೊಣಕಾಲು ಮಾತು ಕೇಳುದಿಲ್ಲ ಈಗ.”

ಇವರು ಅವತ್ತೇ ತಂದರು. ಮಿಸ್ತ್ರಿ ಡ್ರಿಲ್ಲು ಹಿಡಿದು ಬಂದು, “ಕಹಾಂ ಲಗಾಯೇಂ ಬೌದಿ?” ಎಂದು ಜಾಗ ಕೇಳಿದ. ಹಲಗೆ ಎಲ್ಲಿದೆ? ಮೇಲೆ ಪೂರ್ತಿ ಟೈಲ್ಸ್, ಒಂದರ ಹಾಗೆ ಇನ್ನೊಂದು. ಇದು ಬೇರೆ ಮಿಸ್ತ್ರಿ. ನಾನು ಬರೆದಿಟ್ಟಿರಲಿಲ್ಲ, ಮೂರು ವರ್ಷದಲ್ಲಿ ಎಲ್ಲ ಮರೆತುಹೋಗಿತ್ತು. ಕೇಳೋಣವೆಂದರೆ ಗೊತ್ತಿದ್ದ ರಾಯರೇ ಈಗಿಲ್ಲ. ಟೈಲ್ಸ್ ತಟ್ಟಿ ತಟ್ಟಿ ನೋಡಿದೆ. ನನ್ನ ಕಿವಿಗೆ ಎಲ್ಲವೂ ಒಂದೇ ಸದ್ದು. ಮಿಸ್ತ್ರಿ, “ಹೋಯೆ ಜಾಬೆ ಬೌದಿ, ಆಗಿಹೋಗುತ್ತದೆ, ಎಲ್ಲಾದರೂ ಹಾಕಿದರಾಯಿತು” ಎಂದು ಡ್ರಿಲ್ಲು ಎತ್ತಿದ.

“ನಿಲ್ಲು ಮಾರಾಯ” ಎಂದು ಅತ್ತೆ ಒಳಗೆ ಬಂದರು. ಸ್ಟೂಲು ಎಳೆದು ಹಳೆಯ ಜಾಗದಲ್ಲಿಟ್ಟು ಕೂತರು. ಮೆಲ್ಲಗೆ ಎದ್ದರು. ಬಲಗೈ ತಾನಾಗಿ ಗೋಡೆಗೆ ಹೋಗಿ ನಿಂತಿತು. ಕೈ ತೆಗೆಯದೆ, ಇನ್ನೊಂದು ಕೈಯ ಬೆರಳಗಂಟಿನಿಂದ ಅಲ್ಲಿ ತಟ್ಟಿದರು. ಪಕ್ಕದಲ್ಲಿ ತಟ್ಟಿದರು. ಮತ್ತೆ ಅಲ್ಲೇ ತಟ್ಟಿದರು. ಈಗ ನನಗೂ ಕೇಳಿತು. ಅಲ್ಲಿ ಗೋಡೆ ಗಟ್ಟಿಯಾಗಿ ಓಗೊಡುತ್ತಿತ್ತು.

“ಇಲ್ಲಿ ಉಂಟು ಅವರ ಹಲಗೆ” ಎಂದರು.

“ನಿಮಗೆ ಗೊತ್ತಿತ್ತಾ ಅತ್ತೆ?”

“ಸಾಬೂನಿನ ಗೂಡಿಗೆ ಯಾರಾದರೂ ಜ್ವರದಲ್ಲಿ ಆಟೋ ಹಿಡಿದು ಬರ್ತಾರಾ?” ಎಂದರು. “ನನ್ನ ಮಾನ ಉಳಿಸ್ಲಿಕ್ಕೆ ಅವರು ಸುಳ್ಳು ಹೇಳಿದ್ರು. ನಾನು ಸುಮ್ಮನೆ ಕೂತು ಎದ್ದೆ.”

ಸ್ಕ್ರೂ ಮರಕ್ಕೆ ಕಚ್ಚಿಕೊಳ್ಳುವುದು ಹೊರಗೆ ನಿಂತ ನನಗೂ ತಿಳಿಯಿತು. ಮಿಸ್ತ್ರಿ ಇಡೀ ಮೈಭಾರ ಹಾಕಿ ಜಗ್ಗಿದ, ಇವರು ಜಗ್ಗಿದರು, ನಾನು ಜಗ್ಗಿದೆ. ಅಲುಗಲಿಲ್ಲ. ಅ‍ಲ್ಲೇ ನಿಂತವಳಿಗೆ ಅಳು ಬಂದುಬಿಟ್ಟಿತು. ಮಿಸ್ತ್ರಿ ಏನೆಂದುಕೊಂಡನೋ, ಧೂಳು ಕಣ್ಣಿಗೆ ಬಿತ್ತೆಂದು ನೀರು ತಂದುಕೊಟ್ಟ.

ಮಾರನೆಯ ಬೆಳಿಗ್ಗೆ ಅತ್ತೆ ಬಚ್ಚಲಿಗೆ ಹೋದರು. ಒಳಗಿನಿಂದ ಚಿಲಕ ಬಿತ್ತು. ಚೆಂಬು ಬಕೆಟ್ಟಿಗೆ ತಾಗುವ ಸದ್ದು, ನೀರು ಗೋಡೆಗೆ ಅಪ್ಪಳಿಸುವ ಸದ್ದು ಎಂದಿನ ಹಾಗೆ. ನಾನು ಬಾಗಿಲ ಹೊರಗೆ ನಿಂತಿದ್ದೆ. ಕೊನೆಗೆ ನೀರಿನ ಸದ್ದು ನಿಂತಿತು. ಆಮೇಲೆ ಟಕ್ ಟಕ್ ಎಂದು ಗೋಡೆ ತಟ್ಟಿದ್ದು ಕೇಳಿತು, ಚಿಲಕ ತೆಗೆದು ಅತ್ತೆ ಹೊರಗೆ ಬಂದರು.

“ಹೇಗೆ ಉಂಟು ಅತ್ತೆ, ಹಿಡಿಕೆ?” ಎಂದು ಕೇಳಿದೆ.

ಅವರು ದೇವರ ಕೋಣೆಯ ಕಡೆ ನಡೆಯುತ್ತಲೇ ಉತ್ತರ ಕೊಟ್ಟರು. ಈ ಸಲ ಅದರಲ್ಲಿ ಅಣಕ ಇರಲಿಲ್ಲ.

“ನಡೀತದ.”